ಟ್ರಿಪ್ ಕಾಕಾ ಮತ್ತು ಶನಿವಾರದ ಗಾಣ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಪ್ರತಿ ದೊಡ್ಡ ಮನೆತನದಲ್ಲೂ ಒಬ್ಬ ಟ್ರಿಪ್ ಕಾಕಾ ಇದ್ದೇ ಇರುತ್ತಾನೆ. ಹದಿನೇಳು ಸೀಟಿನ ಗಾಡಿಗೆ ಇಪ್ಪತ್ತೆರಡು ಮಂದಿಯನ್ನು ಹತ್ತಿಸುವುದು, ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿಯನ್ನು ತನ್ನ ಕಾಲ ಬಳಿಯೇ ಇಟ್ಟುಕೊಳ್ಳುವುದು, ಕರದಂಟಿನ ಡಬ್ಬಿಯನ್ನು ಸಂಕೇಶ್ವರ ದಾಟುವತನಕ ತೆರೆಯಕೂಡದೆಂದು ಆಜ್ಞೆ ಹೊರಡಿಸಿ ಹುಕ್ಕೇರಿಯಲ್ಲೇ ತಾನು ತೆರೆಯುವುದು ಅವನ ಅಧಿಕಾರ. ಪಂಢರಪುರ, ಶಿರಡಿ ಮುಗಿಸಿದ ಇಂಥವನು ಮೊಮ್ಮಗಳ ಹಟಕ್ಕೆ ಮಣಿದು ಯೆಹೂದಿಗಳ ಹಳೆಯ ಜಾಗ ನೋಡಲು ಪುಣೆ, ಅಲಿಬಾಗ್ ಕಡೆ ಗಾಡಿ ತಿರುಗಿಸಿದರೆ ಓದಿದವರು ನಗುತ್ತಾರೆ. ನಗಲಿ. ಆ ಜಾಗಗಳನ್ನು ಅರಿಯಲು ಅವನಷ್ಟು ತಯಾರಾಗಿ ಹೋಗುವವರು ಕಡಿಮೆ ಎಂಬುದು ನನ್ನ ವಾದ.

ಮೊದಲ ಸಾಕ್ಷಿ ಅವನ ತಲೆಯ ಮೇಲೇ ಇದೆ. ಯೆಹೂದಿ ವ್ಯಾಪಾರಿ ಡೇವಿಡ್ ಸಸೂನ್ ಕಟ್ಟಿಸಿದ ಪುಣೆಯ ಪ್ರಾರ್ಥನಾಮಂದಿರ, ಒಹೆಲ್ ಡೇವಿಡ್ ಸಿನಗಾಗ್ (1867), ಕೆಂಪು ಇಟ್ಟಿಗೆಯದು. ಊರವರ ಬಾಯಲ್ಲಿ ‘ಲಾಲ್ ದೇವೂಳ’. ದೇವಳವೆಂದ ಮೇಲೆ ಕಾಕಾ ಕಾಯಿ-ಕರ್ಪೂರ ತಾರದೆ ಇರುತ್ತಾನೆಯೇ? ಅದು ಅಲ್ಲಿ ಬೇಕಿಲ್ಲ. ಗಂಡಸರ ತಲೆ ಮುಚ್ಚಿರಬೇಕು. ಬರಿತಲೆಯ ಎಂಜಿನಿಯರ್ ಅಳಿಯ ಕರ್ಚೀಫಿಗೆ ತಡಕಾಡುವಷ್ಟರಲ್ಲಿ ಕಾಕಾ ಗಾಂಧಿ ಟೊಪ್ಪಿಗೆಯ ತುದಿ ತೀಡಿಕೊಂಡು ಒಳಗಿರುತ್ತಾನೆ. ಇನ್ನು ಕೊಂಕಣದ ಯೆಹೂದಿಗಳಾದ ಬೆನೆ ಇಸ್ರೇಲ್ ಜನ. ನವಗಾಂವ್ ದಂಡೆಯ ಬಳಿ ಹಡಗು ಒಡೆದು ಏಳು ಗಂಡು, ಏಳು ಹೆಣ್ಣು ಉಳಿದರೆಂಬುದು ಅವರ ಐತಿಹ್ಯ. ಗಾಣದ ಕಸುಬು ಹಿಡಿದರೂ ಶನಿವಾರ ಗಾಣ ಹೂಡದ ಅವರನ್ನು ಊರವರು ‘ಶನಿವಾರ ತೇಲಿ’, ಅಂದರೆ ಶನಿವಾರದ ಗಾಣಿಗರು, ಎಂದರು. ಮೊಮ್ಮಗಳು ಯೆಹೂದಿಗಳ ವಿಶ್ರಾಂತಿಯ ದಿನವಾದ ಸಬ್ಬತ್ತಿನ ವಿವರ ಓದುವ ಮೊದಲೇ ಕಾಕಾನ ಭಾಷ್ಯ ಸಿದ್ಧ: “ಅದರಾಗೇನೈತಿ? ಸೋಮವಾರ ನಾವು ಎತ್ತಿನ ಹೆಗಲ ಮ್ಯಾಲ ನೊಗಾ ಇಡ್ತೇವೇನು?” ದಿವೇ ಊರಿನವರು ದಿವೇಕರ, ಪೇಣದವರು ಪೇಣಕರ, ರೋಹಾದವರು ರೋಹೇಕರ; ಹುಕ್ಕೇರಿಕರರ ನಾಡಿನವನಿಗೆ ಇದನ್ನು ಬಿಡಿಸಿ ಹೇಳಬೇಕೆ? ಅಲಿಬಾಗ್ ಬಳಿ ಎಲೀಯ ಪ್ರವಾದಿಯ ರಥದ ಗಾಲಿ ಮೂಡಿದ್ದೆನ್ನುವ ಬಂಡೆಗೂ ಅವನು ಬೆರಗಾಗುವುದಿಲ್ಲ. ದೇವರ ಪಾದ ಮೂಡಿದ ಬಂಡೆಗಳನ್ನು ಎಷ್ಟು ಕಂಡಿಲ್ಲ! ಆ ಪ್ರವಾದಿಯ ಹರಕೆಗೆ ಅವಲಕ್ಕಿ, ಕಾಯಿತುರಿ, ಹಣ್ಣು ಕೂಡಿಸಿ ಮಾಡುವ ಮಲೀದಾವನ್ನಂತೂ ಕಾಕಿ ತನ್ನ ಮಾದಲಿಯ ಜೊತೆ ತೂಗಿಯೇ ಮುಂದಿನ ಮಾತಾಡುತ್ತಾಳೆ.

ಎಲ್ಲದರಲ್ಲೂ ತನ್ನ ಮನೆಯನ್ನೇ ಕಾಣುವವನಿಗೆ ಬೇರೆತನ ಕಾಣುವುದೇ ಇಲ್ಲ ಎಂಬ ಆಕ್ಷೇಪವುಂಟು. ಅರ್ಧ ನಿಜ. “ಮೂರ್ತಿ ಎಲ್ಲೈತ್ರಿ?” ಎಂದು ಅವನು ಕೇಳಿಯೇ ತೀರುತ್ತಾನೆ. ಕೇಳಿದ್ದಕ್ಕೇ ಉತ್ತರವೂ ಸಿಗುತ್ತದೆ: ಪರದೆಯ ಹಿಂದಿರುವುದು ಮೂರ್ತಿಯಲ್ಲ, ಯೆಹೂದಿಗಳ ಧರ್ಮಗ್ರಂಥವಾದ ತೋರಾದ ಕೈಬರಹದ ಸುರುಳಿಗಳು. ಕೇಳಲು ನಾಚಿದ ಅಳಿಯನಿಗೆ ಅದು ಪರದೆ ಇಳಿಬಿಟ್ಟ ಕಪಾಟು, ಅಷ್ಟೆ. ಅಡುಗೆಮನೆಯ ಹೋಲಿಕೆ ಇತಿಹಾಸವಾದೀತೇ ಎನ್ನುವವರು ಹೊರಗಿನಿಂದ ಬಂದ ಯೆಹೂದಿ ಡೇವಿಡ್ ರಹಾಬಿಯ ಕತೆ ಕೇಳಬೇಕು. ಬೆನೆ ಇಸ್ರೇಲ್ ಜನ ತನ್ನವರೇ ಹೌದೋ ಅಲ್ಲವೋ ಎಂದು ತಿಳಿಯಲು ಆತ ಬಗೆಬಗೆಯ ಮೀನು ಕೊಟ್ಟನಂತೆ. ಹೆಂಗಸರು ಈಜುರೆಕ್ಕೆ, ಹುರುಪೆ ಎರಡೂ ಇದ್ದವನ್ನಷ್ಟೇ ಬೇಯಿಸಲು ಆರಿಸಿಕೊಂಡರಂತೆ. ಅವರ ಪರಂಪರೆಯೇ ಹೇಳುವ ಮಾತಿದು: ಪರೀಕ್ಷೆ ನಡೆದದ್ದು ಒಲೆಯ ಮುಂದೆ. ಕಾಕಿ ಮಾಡುವುದೂ ಅದನ್ನೇ.

1948ರ ನಂತರ ಬೆನೆ ಇಸ್ರೇಲರಲ್ಲಿ ಬಹುಪಾಲು ಜನ ಇಸ್ರೇಲ್ ದೇಶ ಸೇರಿದರು. ಶನಿವಾರವಷ್ಟೇ ನಿಲ್ಲುತ್ತಿದ್ದ ಅವರ ಗಾಣಗಳಲ್ಲಿ ಬಹುತೇಕ ಈಗ ಏಳೂ ದಿನ ನಿಂತಿವೆ. ಇದರ ನೋವು ತಟ್ಟಲು ಎತ್ತು ಸಾಕಿದ ಮನೆಯವನೇ ಬೇಕು. ಆದರೆ ಕಾಕಾನದು ಒಂದು ತಪ್ಪುಂಟು. ದಾರಿಯಲ್ಲೇ ಸಿಗುವ ಹುಕ್ಕೇರಿಯ ಹಳೆಯ ಗುಮ್ಮಟಗಳೆದುರು ಅವನು ಗಾಡಿ ನಿಲ್ಲಿಸುವುದಿಲ್ಲ: “ಅವು ನಮ್ಮವ ಅದಾವ, ಎಲ್ಲಿ ಹೋಗ್ತಾವ?” ಕೊಂಕಣದ ಗಾಣಗಳನ್ನೂ ಊರವರು ಹಾಗೇ ಅಂದುಕೊಂಡಿದ್ದಾರು. ಅವನ ಗಾಡಿಯಲ್ಲಿ ಸೀಟು ಸಿಕ್ಕರೆ ಬಿಡಬೇಡಿ. ಹುಕ್ಕೇರಿ ಬಂದಾಗ ಬ್ರೇಕ್ ಒತ್ತಲು ಡ್ರೈವರನಿಗೆ ನೀವೇ ಹೇಳಿ.