ಕೌಟುಂಬಿಕ ತೂಕಶಾಸ್ತ್ರ: ಒಂದು ಪೀಠಿಕೆ

ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದರೆ ಸಿಗುವುದು ದೇಹತೂಕ ಸೂಚ್ಯಂಕ. ಬೆಲ್ಜಿಯಂನ ಕ್ವೆಟ್ಲೆ 19ನೇ ಶತಮಾನದಲ್ಲಿ ಈ ಲೆಕ್ಕ ಕಟ್ಟಿದಾಗ ಅತ್ತೆಮನೆ ಎಂಬ ಚರಾಂಕವನ್ನು ಗಣನೆಗೆ ತೆಗೆದುಕೊಳ್ಳಲಿಲ್ಲ. ಆ ದೇಶದಲ್ಲಿ ಬಾಳೆಲೆ ಬೆಳೆಯದಿರುವುದೇ ಈ ಲೋಪಕ್ಕೆ ಕಾರಣವೆಂದು ತಿಳಿಯತಕ್ಕದ್ದು.

ಶಾಸ್ತ್ರದ ಮೂಲಧಾತು 'ಸಾಕು'. ಇದಕ್ಕೆ ಕನ್ನಡದಲ್ಲಿ ಎರಡರ್ಥ: ಇನ್ನು ಬೇಡ ಎಂಬುದು ಒಂದು, ಪೋಷಿಸು ಎಂಬುದು ಇನ್ನೊಂದು. ಉಣ್ಣುವವರು ಮೊದಲ ಅರ್ಥದಲ್ಲಿ ಆಡಿದ್ದು ಬಡಿಸುವವರ ಕಿವಿಗೆ ಎರಡನೆಯ ಅರ್ಥದಲ್ಲಿ ಬೀಳುತ್ತದೆ. ಇದರ ಪ್ರಯೋಗಶಾಲೆ ಮದುವೆಯ ಪಂಕ್ತಿ. ಹೋಳಿಗೆ ಹತ್ತಿರ ಬಂದೊಡನೆ ಉಣ್ಣುವವರು ಬಗ್ಗಿ ಎಲೆಗೆ ಕೈ ಅಡ್ಡ ಹಿಡಿಯುತ್ತಾರೆ. ಅದು ನಿರಾಕರಣೆಯಲ್ಲ, ಮುದ್ರೆ. ಹೋಳಿಗೆ ಕಿರುಬೆರಳ ಪಕ್ಕದಿಂದ ಜಾರಿ ಎಲೆ ಸೇರುತ್ತದೆ. ಹಿಂದೆಯೇ ಬಂದ ತುಪ್ಪ ಬೆರಳ ಸಂದಿಯಲ್ಲೇ ದಾರಿ ಮಾಡಿಕೊಳ್ಳುತ್ತದೆ. ಗಂಡಿನ ಕಡೆಯವರಾದರೆ ಹೋಳಿಗೆಯನ್ನು ಎರಡರಿಂದ ಗುಣಿಸತಕ್ಕದ್ದು.

ಮನೆಯೊಳಗೆ ಅನ್ವಯಿಸುವುದು ಶೇಷ ನಿಯಮ. ಅದರಂತೆ ಬೇಯಿಸಿದ ಅನ್ನಕ್ಕೆ ನಾಶವಿಲ್ಲ, ರೂಪಾಂತರವಷ್ಟೇ. ರಾತ್ರಿಯ ಅನ್ನ ಬೆಳಿಗ್ಗೆ ಚಿತ್ರಾನ್ನ. ಹನ್ನೊಂದು ಗಂಟೆಗೆ ಬಾಣಲೆಯ ತಳದಲ್ಲಿ ಕಡಲೆಬೀಜ ಸಮೇತ ಮೂರು ತುತ್ತು. 'ಚೆಲ್ಲೋದ್ಯಾಕೆ' ಎಂಬ ಮಂತ್ರದೊಡನೆ ಅವು ತಾಯಿಯ ಹೊಟ್ಟೆ ಸೇರುತ್ತವೆ. ನಿಂತು ತಿಂದದ್ದು ಊಟದ ಲೆಕ್ಕಕ್ಕಿಲ್ಲ. ಸಂಜೆ ವೈದ್ಯರು ಆಕೆಗೆ ಅನ್ನ ಕಡಿಮೆ ಮಾಡಿ ಎನ್ನುತ್ತಾರೆ. ಯಾರು ಉಳಿಸಿದ ಅನ್ನ ಎಂದು ವಿಚಾರಿಸುವುದಿಲ್ಲ.

ಚಲನೆಯ ಅಧ್ಯಾಯ ಚಿಕ್ಕದು, ಚಲನೆಯೇ ಚಿಕ್ಕದಾದ್ದರಿಂದ. ಹುಡುಗಿ ದೊಡ್ಡವಳಾದ ದಿನ ಅಂಗಳದ ಕುಂಟೆಬಿಲ್ಲೆ ನಿಲ್ಲುತ್ತದೆ. ಹುಡುಗನ ಆಟದ ಪೀರಿಯಡ್ಡನ್ನು ಹತ್ತನೇ ತರಗತಿಯಲ್ಲಿ ಗಣಿತದ ಮೇಷ್ಟ್ರು ಸಾಲ ಪಡೆಯುತ್ತಾರೆ, ಹಿಂದಿರುಗಿಸಿದ ದಾಖಲೆಯಿಲ್ಲ. ನಲವತ್ತು ದಾಟಿದ ಮೇಲೆ ಇಬ್ಬರೂ 240 ಎಕರೆಯ ಲಾಲ್‌ಬಾಗಿಗೆ ಸ್ಕೂಟರಿನಲ್ಲಿ ಹೋಗಿ ನಡೆಯುತ್ತಾರೆ. ನಡಿಗೆ ಗೆಳೆಯರ ಜೊತೆಯಲ್ಲಾದ್ದರಿಂದ ದರ್ಶಿನಿಯಲ್ಲಿ ಮುಗಿಯುತ್ತದೆ.

ಗೆಳೆತನದ ಈ ಮಹಿಮೆಗೆ ಅಮೆರಿಕದ ಪ್ರಮಾಣವೂ ಉಂಟು. ಫ್ರೇಮಿಂಗ್‌ಹ್ಯಾಮ್ ಅಧ್ಯಯನದ 12,067 ಜನರ 32 ವರ್ಷಗಳ ದಾಖಲೆ ಜಾಲಾಡಿ ಕ್ರಿಸ್ಟಾಕಿಸ್ ಮತ್ತು ಫೌಲರ್ 2007ರಲ್ಲಿ ಪ್ರಕಟಿಸಿದ ಪ್ರಕಾರ, ಗೆಳೆಯರಿಗೆ ಬೊಜ್ಜು ಬಂದರೆ ತನಗೂ ಬರುವ ಸಂಭವ ಶೇ 57 ಹೆಚ್ಚು. ಬಾಳಸಂಗಾತಿಗೆ ಬಂದರೆ ಶೇ 37 ಮಾತ್ರ. ಅಂತರದ ಕಾರಣ ಸ್ಪಷ್ಟ: ಉದ್ದಿನ ವಡೆ ಹಂಚಿಕೊಳ್ಳುವುದು ಗೆಳೆಯರೊಡನೆ, ಆ ಸಂಗತಿ ಮುಚ್ಚಿಡುವುದು ಸಂಗಾತಿಯಿಂದ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸುಮಾರು ಶೇ 30 ಮಂದಿಯ ಸೂಚ್ಯಂಕ 25 ಅಥವಾ ಅದಕ್ಕಿಂತ ಹೆಚ್ಚು. ಬಾಣಲೆಯ ಚಿತ್ರಾನ್ನ ಖಾಲಿ ಮಾಡಿದ್ದು ಯಾರು ಎಂಬ ಪ್ರಶ್ನೆ ಆ ಸಮೀಕ್ಷೆಯಲ್ಲಿಲ್ಲ.