ಸೂರಕ್ಕಿ, ಲೆನ್ಸು ಮತ್ತು ಮೇಷ್ಟ್ರ ಮಿಕ್ಸಿ

ನಮ್ಮ ಮನೆಗೂ ಪಕ್ಕದ ಮೇಷ್ಟ್ರ ಮನೆಗೂ ನಡುವೆ ಇರುವುದು ಎದೆಮಟ್ಟದ ಒಂದು ಕಾಂಪೌಂಡು ಗೋಡೆ. ದಾಸವಾಳದ ಗಿಡ ನಮ್ಮದು, ಹೂವು ಅವರ ಮನೆ ದೇವರದು. ಈ ಏರ್ಪಾಡಿಗೆ ಹದಿನೆಂಟು ವರ್ಷವಾಯಿತು. ಇಬ್ಬರೂ ಚಕಾರ ಎತ್ತಿಲ್ಲ. ಮೊನ್ನೆ ಬೆಳಿಗ್ಗೆ ಮೇಷ್ಟ್ರು ಹೂಬುಟ್ಟಿ ಹಿಡಿದು ಬಂದಾಗ ನಾನು ಅದೇ ಗಿಡದೆದುರು ಉಸಿರು ಬಿಗಿಹಿಡಿದು ನಿಂತಿದ್ದೆ. ಸೂರಕ್ಕಿಯೊಂದು ಹೂವಿನೊಳಕ್ಕೆ ಕೊಕ್ಕು ತೂರಿಸಿತ್ತು. ಗುಂಡಿಯನ್ನು ಅರ್ಧ ಒತ್ತಿದೆ. ಲೆನ್ಸು ‘ಕುಂಯ್’ ಎಂದಿತು, ಒಮ್ಮೆ ಅದುರಿತು, ತೆಪ್ಪಗಾಯಿತು. ಮಂಜುಮಂಜಾಗಿದ್ದ ಹಕ್ಕಿ ಮಂಜುಮಂಜಾಗಿಯೇ ಹಾರಿಹೋಯಿತು.

“ಏನ್ರೀ ಅದು, ಇಲಿಮರಿ ಕೂಗಿದ ಹಾಗೆ?”

“ಲೆನ್ಸು, ಮೇಷ್ಟ್ರೇ. ಆಟೋಫೋಕಸ್ ಹೋಯ್ತು ಅಂತ ಕಾಣುತ್ತೆ.”

“ಹೋಯ್ತು ಅಂತ ಹೇಗೆ ಹೇಳ್ತೀರಿ? ಮೊದಲು ಸ್ವಿಚ್ ನೋಡಿ.”

ಮೇಷ್ಟ್ರು ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಯಾವುದೇ ಯಂತ್ರ ಕೆಟ್ಟರೂ ಅವರ ಮೊದಲ ಅನುಮಾನ ಯಂತ್ರದ ಮೇಲಲ್ಲ, ಅದರ ಯಜಮಾನನ ಮೇಲೆ. ಅದು ಸುಮ್ಮನೆ ಬಂದ ಅನುಮಾನವೂ ಅಲ್ಲ. ಹಿಂದೊಮ್ಮೆ ಇದೇ ಲೆನ್ಸು ಸತ್ತಿತೆಂದು ನಾನು ಎರಡು ದಿನ ಊಟ ಬಿಟ್ಟಿದ್ದೆ. ಕೊನೆಗೆ ನೋಡಿದರೆ ನನ್ನ ಸೋದರಳಿಯ ಕ್ಯಾಮೆರಾದ ಸೆಟ್ಟಿಂಗ್ ಬದಲಿಸಿ, ಫೋಕಸ್ ಮಾಡುವ ಕೆಲಸವನ್ನು ಹಿಂದಿನ ಗುಂಡಿಗೆ ಒಪ್ಪಿಸಿದ್ದ. ನಾನು ಮುಂದಿನ ಗುಂಡಿ ಒತ್ತಿ ಒತ್ತಿ ದೇವರಿಗೆ ಹರಕೆ ಹೊರುತ್ತಿದ್ದೆ. ಆ ಕತೆ ಗೋಡೆಯಾಚೆಗೂ ತಲುಪಿತ್ತು.

ಆದ್ದರಿಂದ ಈ ಸಲ ಎಲ್ಲ ಶಾಸ್ತ್ರವೂ ಆಯಿತು. ಲೆನ್ಸಿನ ಪಕ್ಕದ ಸ್ವಿಚ್ಚು ಆಟೋದಲ್ಲೇ ಇತ್ತು. ಹಿಂಬದಿಯ ಬಂಗಾರದ ಬಣ್ಣದ ಚುಕ್ಕಿಗಳನ್ನು ಒಣಬಟ್ಟೆಯಲ್ಲಿ ಒರೆಸಿದೆ. ಬ್ಯಾಟರಿ ಬದಲಿಸಿದೆ. ಸೋದರಳಿಯನ ಕ್ಯಾಮೆರಾಕ್ಕೆ ಹಾಕಿದೆ, ಅಲ್ಲೂ ಕುಂಯ್. ಅವನ ಲೆನ್ಸನ್ನು ನನ್ನ ಕ್ಯಾಮೆರಾಕ್ಕೆ ಹಾಕಿದೆ, ಹಾಲು ಕುಡಿದಷ್ಟು ಸಲೀಸಾಗಿ ಓಡಿತು. ತಪ್ಪು ಯಾರದೆಂಬುದು ತೀರ್ಮಾನವಾಯಿತು.

ಸಂಜೆ ಮೇಷ್ಟ್ರಿಗೆ ವರದಿ ಒಪ್ಪಿಸಿದೆ. “ಕಣ್ಣು ಸರಿಯಿದೆ, ಕಾಲು ಮುರಿದಿದೆ” ಎಂದೆ. ಈ ಕನ್ನಡಿಯಿರುವ ಕ್ಯಾಮೆರಾಗಳಲ್ಲಿ ಫೋಕಸ್ ಸರಿಯೋ ತಪ್ಪೋ ಎಂದು ನೋಡುವ ಕಣ್ಣು ಇರುವುದು ಕ್ಯಾಮೆರಾದ ಹೊಟ್ಟೆಯಲ್ಲಿ. ಅದು ಎಷ್ಟು ಸರಿಯಬೇಕೆಂದು ಲೆಕ್ಕಹಾಕಿ ಅಪ್ಪಣೆ ಕೊಡುತ್ತದೆ. ಗಾಜನ್ನು ಸರಿಸುವ ಮೋಟಾರು ಮಾತ್ರ ಲೆನ್ಸಿನೊಳಗೆ. ಕೈಯಲ್ಲಿ ಉಂಗುರ ತಿರುಗಿಸಿದರೆ ಫೋಕಸ್ ಕೂತ ತಕ್ಷಣ ಕಿಂಡಿಯೊಳಗೆ ಚುಕ್ಕಿ ದೀಪ ಈಗಲೂ ಹತ್ತಿಕೊಳ್ಳುತ್ತದೆ.

“ಪ್ರತಿ ಲೆನ್ಸಿಗೂ ಒಂದೊಂದು ಮೋಟಾರು ಯಾಕ್ರೀ? ಕ್ಯಾಮೆರಾದಲ್ಲೇ ಒಂದು ಇಟ್ಟಿದ್ದರೆ ಆಗ್ತಿರಲಿಲ್ವೇ?”

ಆ ಕಾಲವೂ ಇತ್ತು. 1985ರಲ್ಲಿ ಮಿನೋಲ್ಟಾ ಕಂಪನಿ 7000 ಎಂಬ ಕ್ಯಾಮೆರಾ ತಂದಾಗ ಮೋಟಾರು ಇದ್ದದ್ದು ಕ್ಯಾಮೆರಾದಲ್ಲೇ. ಲೆನ್ಸಿನೊಳಗೆ ಬರೀ ಹಲ್ಲುಚಕ್ರ. ಪುಟ್ಟ ಸ್ಕ್ರೂಡ್ರೈವರಿನಂಥ ಸಲಾಕೆಯೊಂದು ಅದನ್ನು ತಿರುಗಿಸುತ್ತಿತ್ತು. ಒಬ್ಬ ದುಡಿದು ಎಲ್ಲರೂ ಉಣ್ಣುವ ಒಟ್ಟು ಕುಟುಂಬ. ಎರಡೇ ವರ್ಷಕ್ಕೆ ಕ್ಯಾನನ್‌ನವರು ಹಿಸ್ಸೆ ಮಾಡಿಬಿಟ್ಟರು. 1987ರಲ್ಲಿ ಬಂದ ಅವರ ಇಓಎಸ್ ಕ್ಯಾಮೆರಾಗಳಲ್ಲಿ ಪ್ರತಿ ಲೆನ್ಸಿಗೂ ಸ್ವಂತ ದುಡಿಮೆ. ನಿಧಾನಕ್ಕೆ ಉಳಿದವರೂ ಆ ದಾರಿ ಹಿಡಿದರು. ವೇಗ ಹೆಚ್ಚಿತು, ಸದ್ದು ಅಡಗಿತು, ಸಾಯುವ ಮೋಟಾರುಗಳ ಸಂಖ್ಯೆಯೂ ಏರಿತು. ಮಿನೋಲ್ಟಾದ ಕತೆಯೇ ಬೇರೆ: ಆಟೋಫೋಕಸ್ ಪೇಟೆಂಟಿನ ವಿಚಾರಕ್ಕೆ ಅಮೆರಿಕದ ಹನಿವೆಲ್ ಕೋರ್ಟಿಗೆಳೆದು, 1992ರಲ್ಲಿ 12 ಕೋಟಿ ಡಾಲರಿಗೂ ಹೆಚ್ಚು ಕಕ್ಕಿಸಿತು. ನನ್ನ ರಿಪೇರಿ ಖರ್ಚು ನೆನೆದು ಹೊಟ್ಟೆ ಉರಿದಾಗಲೆಲ್ಲ ಈ ಮೊತ್ತ ನೆನಪಿಸಿಕೊಂಡು ತಂಪಾಗುತ್ತೇನೆ.

ಮೋಟಾರು ಎಂದ ಕೂಡಲೇ ಮೇಷ್ಟ್ರು “ವೈಂಡಿಂಗ್ ಸುಟ್ಟಿರಬೇಕು” ಎಂದರು. ಇದರಲ್ಲಿ ವೈಂಡಿಂಗೇ ಇಲ್ಲ. ಲೋಹದ ಉಂಗುರಕ್ಕೆ ಪಿಂಗಾಣಿಯಂಥ ತೆಳುವಾದ ಇನ್ನೊಂದು ಉಂಗುರ ಅಂಟಿಸಿರುತ್ತಾರೆ. ವಿದ್ಯುತ್ತು ಹಾಯಿಸಿದರೆ ಅದು ನಮ್ಮ ಕಿವಿಗೆ ಕೇಳದ ವೇಗದಲ್ಲಿ ನಡುಗುತ್ತದೆ. ಆ ನಡುಕ ಅಲೆಯಾಗಿ ಸುತ್ತಿ, ಮೇಲೆ ಒತ್ತಿ ಕೂತ ಉಂಗುರವನ್ನು ತಳ್ಳುತ್ತದೆ. ಮೇಷ್ಟ್ರ ಮುಖ ಅರಳಿತು. “ಅಯ್ಯೋ, ನಮ್ಮ ಗ್ಯಾಸ್ ಲೈಟರ್ ಉಲ್ಟಾ! ಅಲ್ಲಿ ಹರಳಿಗೆ ಪೆಟ್ಟು ಕೊಟ್ಟರೆ ಕಿಡಿ, ಇಲ್ಲಿ ವಿದ್ಯುತ್ ಕೊಟ್ಟರೆ ನಡುಕ” ಎಂದು ಗೋಡೆಯ ಮೇಲೆ ಬೆರಳಲ್ಲೇ ಚಿತ್ರ ಬರೆದರು. ಇಷ್ಟೆಲ್ಲ ನಡೆಯುವುದು ಎರಡು ಉಂಗುರಗಳ ತಿಕ್ಕಾಟದ ಮೇಲೆ. ಅಲ್ಲಿ ಒಂದು ಚೂರು ಜಿಡ್ಡು, ಒಂದು ಕಣ ಮರಳು ಹೊಕ್ಕರೂ ಕುಂಯ್. ನನ್ನದು ಎರಡು ಬೇಸಿಗೆ ಕಡಲತೀರ ಕಂಡ ಲೆನ್ಸು.

“ಹಾಗಾದ್ರೆ ಬಿಚ್ಚಿ ಒರೆಸಿ, ಮುಗೀತಲ್ಲ!” ಮೇಷ್ಟ್ರ ಮನೆಯ ಮಿಕ್ಸಿಗೆ ಇಪ್ಪತ್ತಾರು ವರ್ಷ. ಅದರ ಕಾರ್ಬನ್ ಬ್ರಷ್, ಕಪ್ಲರ್, ವಯರು ಎಲ್ಲವನ್ನೂ ಅವರೇ ಬದಲಿಸಿದ್ದಾರೆ. ಈಗ ಅದರಲ್ಲಿ ಹಳೆಯದೆಂದು ಉಳಿದಿರುವುದು ಅವರ ಅಭಿಮಾನ ಒಂದೇ ಎಂದು ಅವರ ಮನೆಯವರ ಅಂಬೋಣ. ಲೆನ್ಸು ಮಿಕ್ಸಿಯಲ್ಲ ಎಂದು ಹೇಗೆ ಹೇಳಲಿ? ಆ ಸ್ಕ್ರೂಗಳೇ ಬೇರೆ ಜಾತಿ. ನೋಡಲು ನಮ್ಮ ನಕ್ಷತ್ರದ ತಲೆಯಂತೆಯೇ ಇದ್ದರೂ ಅವು ಜಪಾನಿನ ಅಳತೆಯವು. ಮನೆಯ ಸ್ಕ್ರೂಡ್ರೈವರ್ ಹಾಕಿದರೆ ಜಾರಿ ತಲೆ ನುಣ್ಣಗಾಗುತ್ತದೆ. ಒಳಗೆ ಕಾಗದದಷ್ಟು ತೆಳುವಾದ ಪಟ್ಟಿ ಕೇಬಲ್ಲು. ಮತ್ತೆ ಜೋಡಿಸುವಾಗ ಗಾಜು ಕೂದಲೆಳೆಯಷ್ಟು ವಾಲಿದರೂ ಚಿತ್ರದ ಒಂದು ಪಕ್ಕ ಆಯುಷ್ಯಪೂರ್ತಿ ಮಸುಕು.

ರಿಪೇರಿಯವನಿಗೇ ತೋರಿಸಿದೆ. ಆತ ಕಿವಿಯ ಹತ್ತಿರ ಹಿಡಿದು, ವೈದ್ಯನಂತೆ ಆಲಿಸಿ, ಬಿಚ್ಚಿ ನೋಡಲು ಐನೂರು ಎಂದ. ಕೇಬಲ್ಲಾದರೆ ಮೂರು ಸಾವಿರ. ಮೋಟಾರಾದರೆ ಏಳೂವರೆ ಸಾವಿರ, ಮೇಲೆ ಶೇಕಡ 18 ಜಿಎಸ್‌ಟಿ, ಮೂರು ತಿಂಗಳ ಗ್ಯಾರಂಟಿ. ಹೊಸ ಮೋಟಾರು ಸಿಗುವುದಿಲ್ಲ, ಸತ್ತ ಲೆನ್ಸಿನಿಂದ ತೆಗೆದದ್ದು ಹಾಕುತ್ತಾನಂತೆ. ಇದೇ ಲೆನ್ಸು ಸೆಕೆಂಡ್‌ಹ್ಯಾಂಡ್‌ನಲ್ಲಿ ಹನ್ನೆರಡು ಸಾವಿರಕ್ಕೆ ಸಿಗುತ್ತದೆ. ಆದರೆ ಅದು ಯಾರ ಬೀರುವಿನಲ್ಲಿ ಬೂಷ್ಟು ಹಿಡಿದು ಕೂತಿತ್ತೋ ಯಾರಿಗೆ ಗೊತ್ತು? ಕನ್ನಡಿಯಿಲ್ಲದ ಕ್ಯಾಮೆರಾಗಳಿಗೆ 2018ರಲ್ಲಿ ದೊಡ್ಡ ಕಂಪನಿಗಳು ಹೊಸ ಮೌಂಟ್ ಮಾಡಿಕೊಂಡ ಮೇಲೆ ಹಳೆಯವುಗಳ ಬೆಲೆ ಇಳಿಯುತ್ತಲೇ ಇದೆ. ಅರ್ಧ ಬೆಲೆ ದಾಟಿದರೆ ರಿಪೇರಿ ಬೇಡ ಎನ್ನುತ್ತಾರೆ ಬಲ್ಲವರು. ನನ್ನದು ಕೇಬಲ್ಲಾದರೆ ಕಾಲುಭಾಗ, ಮೋಟಾರಾದರೆ ಮುಕ್ಕಾಲು. ಯಾವುದೆಂದು ತಿಳಿಯಲು ಐನೂರು.

ಮೇಷ್ಟ್ರು ಬ್ರಹ್ಮಾಸ್ತ್ರ ಬಿಟ್ಟರು. “ಸಂಡೂರಿನ ಎಂ.ವೈ. ಘೋರ್ಪಡೆಯವರು ಕಾಡಾನೆ ತೆಗೆದಾಗ ಯಾವ ಆಟೋಫೋಕಸ್ ಇತ್ರೀ? ಟಿ.ಎನ್.ಎ. ಪೆರುಮಾಳ್ ಅವರಿಗೆ ಯಾವ ಮೋಟಾರಿತ್ತು?” ನಿಜ, ಅವರು ಹೆಸರು ಮಾಡಿದ್ದು ಕೈಯಲ್ಲಿ ಫೋಕಸ್ ಮಾಡುವ ಕಾಲದಲ್ಲೇ. ಆದರೆ ಅವರ ಕಾಲದ ಲೆನ್ಸಿನ ಉಂಗುರ ಬೆಣ್ಣೆಯ ಹಾಗೆ ದೀರ್ಘವಾಗಿ ತಿರುಗುತ್ತಿತ್ತು, ಕಿಂಡಿಯ ಗಾಜೂ ಕೈಯಲ್ಲಿ ಹೊಂದಿಸುವವನಿಗೆಂದೇ ಮಾಡಿದ್ದು. ನನ್ನದು ಮೋಟಾರಿಗೆಂದು ಹುಟ್ಟಿದ ಲೆನ್ಸು; ಕಾಲು ಸುತ್ತಿಗೇ ಈ ತುದಿಯಿಂದ ಆ ತುದಿ. ಕೂದಲಷ್ಟು ಹೆಚ್ಚು ತಿರುಗಿಸಿದರೆ ಹಕ್ಕಿಯ ಕಣ್ಣು ಹೋಗಿ ಬಾಲ ಬರುತ್ತದೆ. ಕೈಯ ವ್ಯತ್ಯಾಸವನ್ನು ನಾನಾಗಿ ಪ್ರಸ್ತಾಪಿಸಲಿಲ್ಲ.

ರಾತ್ರಿ ಕಂಪ್ಯೂಟರಿನಲ್ಲಿ ಲೆಕ್ಕ ತೆಗೆದೆ. ಹೋದ ವರ್ಷ ಆ ಲೆನ್ಸಿನಲ್ಲಿ ತೆಗೆದದ್ದು 1,140 ಚಿತ್ರ. ಅರ್ಧಕ್ಕರ್ಧ ಕುಕ್ಕರಹಳ್ಳಿ ಕೆರೆಯಲ್ಲಿ ರೆಕ್ಕೆ ಹರಡಿ ಒಣಗಿಸಿಕೊಳ್ಳುವ ಹಾವಕ್ಕಿಗಳು. ನಾನು ಕಾಫಿ ಕುಡಿದು ಬಂದರೂ ಅಲ್ಲಾಡದಂಥವು. ಹಾರುವ ಹಕ್ಕಿ 63. ಅದರಲ್ಲಿ ಚೊಕ್ಕವಾಗಿ ಬಂದದ್ದು ನಾಲ್ಕು. ಮೋಟಾರು ಬದುಕಿದ್ದಾಗಲೇ ನಾಲ್ಕು! ಒಂದು ಚಿತ್ರಕ್ಕೆ ಎರಡು ಸಾವಿರಕ್ಕೂ ಮೇಲೆ ಖರ್ಚು ಬೀಳುವ ರಿಪೇರಿ ಯಾವ ಪುರುಷಾರ್ಥಕ್ಕೆ? ಕೈಯಲ್ಲೇ ತಿರುಗಿಸಿಕೊಂಡಿರುವುದೆಂದು ನಿರ್ಧರಿಸಿ, ಹಗುರಾಗಿ ಮಲಗಿದೆ.

ಬೆಳಿಗ್ಗೆ ಗೋಡೆಯ ಬಳಿ ಬಂದದ್ದು ಮೇಷ್ಟ್ರ ಮನೆಯವರು. “ನೋಡಿ, ಮುಂದಿನ ತಿಂಗಳು ಮೊಮ್ಮಗಳ ಸ್ಕೂಲಲ್ಲಿ ಕ್ರೀಡಾಕೂಟ. ನೂರು ಮೀಟರ್ ಓಡ್ತಾಳೆ. ಫೋಟೋ ನೀವೇ ತೆಗೀಬೇಕು, ಫೋನಲ್ಲಿ ಇರುವೆ ಹಾಗೆ ಕಾಣ್ತಾಳೆ.”

ಓಟದ ಹುಡುಗಿ ಹಾವಕ್ಕಿಯಲ್ಲ. ಹದಿನೈದು ಹದಿನಾರು ಸೆಕೆಂಡಿನಲ್ಲಿ ಮುಗಿಸಿ ಅಜ್ಜಿಯ ತೊಡೆ ಸೇರುವವಳು. ನಾನು ಮೇಷ್ಟ್ರ ಮುಖ ನೋಡಿದೆ. ಘೋರ್ಪಡೆಯವರ ಹೆಸರು ಈ ಸಲ ಅವರ ಬಾಯಲ್ಲಿ ಬರಲಿಲ್ಲ.

“ಕೊಟ್ಟುಬಿಡ್ರೀ ರಿಪೇರಿಗೆ. ಕೇಬಲ್ಲೇ ಇರುತ್ತೆ, ನೋಡ್ತಿರಿ” ಎಂದರು.

ಕೊರಿಯರಿಗೆ ಪೆಟ್ಟಿಗೆ ಹುಡುಕುತ್ತಿದ್ದೆ. ಮೇಷ್ಟ್ರು ಒಳಗೆ ಹೋಗಿ, ಥರ್ಮೋಕೋಲ್ ಸಮೇತ ಗಟ್ಟಿಯಾದೊಂದು ರಟ್ಟಿನ ಡಬ್ಬಿ ತಂದು ಗೋಡೆಯ ಮೇಲಿಟ್ಟರು. ಹೊಚ್ಚಹೊಸದು, ವಾರಂಟಿ ಕಾರ್ಡಿನ್ನೂ ಒಳಗೇ ಇತ್ತು. ಡಬ್ಬಿಯ ಮೇಲೆ ಮೂರು ಜಾರಿನ ಮಿಕ್ಸಿಯ ಚಿತ್ರ.