ಕಜಕಿಸ್ತಾನದಲ್ಲಿ ಸಾಹೇಬರು

ಹಾಸನದ ಯಾವ ಬಡಾವಣೆಗೆ ಹೋದರೂ ಒಬ್ಬ ಸಾಹೇಬರು ಇದ್ದೇ ಇರುತ್ತಾರೆ. ನಿವೃತ್ತರಾಗಿ ಎಷ್ಟೋ ವರ್ಷವಾಗಿರುತ್ತದೆ, ಆದರೂ ಹಾಲಿನವನಿಂದ ಹಿಡಿದು ಇಸ್ತ್ರಿಯವನವರೆಗೆ ಎಲ್ಲರಿಗೂ ಅವರು ಸಾಹೇಬರೇ. ಮಗ ಅಮೆರಿಕದಲ್ಲಿ, ಮಗಳು ಬೆಂಗಳೂರಿನಲ್ಲಿ, ಕಾರು ಶೆಡ್ಡಿನಲ್ಲಿ. ಬೆಳಿಗ್ಗೆ ಮಹಾರಾಜ ಪಾರ್ಕಿನಲ್ಲಿ ನಾಲ್ಕು ಸುತ್ತು. ಒಂದು ಸುತ್ತು ನಡಿಗೆಗೆ, ಉಳಿದ ಮೂರು ಮಾತಿಗೆ. ಮಂಡಿ ಆಪರೇಷನ್ ಮಾಡಿಸಿ ಅಂತ ಡಾಕ್ಟರು ಹೇಳಿದ್ದಾರೆ. ಅದಕ್ಕೆ ಮುಂಚೆ ಪ್ರಪಂಚ ನೋಡಿ ಮುಗಿಸಬೇಕು ಎನ್ನುವುದು ಸಾಹೇಬರ ಸದ್ಯದ ಕ್ರಿಯಾಯೋಜನೆ.

ನಾನು ಹೇಳುವ ಸಾಹೇಬರು ಹೇಮಾವತಿ ಯೋಜನೆಯವರು. ಗೊರೂರು ಅಣೆಕಟ್ಟೆ 1979ರಲ್ಲಿ ಮುಗಿಯಿತು, ನಾಲೆ ಕೆಲಸ ಮಾತ್ರ ಮುಗಿಯಲಿಲ್ಲ. ಅದರಲ್ಲೇ ಇವರ ಸರ್ವೀಸೆಲ್ಲ ಹರಿದುಹೋಯಿತು. ಬಲದಂಡೆ ಅಂತ ಅರಕಲಗೂಡು, ಹೊಳೆನರಸೀಪುರ; ಎಡದಂಡೆ ಅಂತ ಚನ್ನರಾಯಪಟ್ಟಣ; ಕೊನೆಗೆ ಹಾಸನದಲ್ಲಿ ಮನೆ. ನಾಲ್ಕೂ ಊರಿನಲ್ಲಿ ಅವರಿಗೆ ಸ್ನೇಹಿತರು. ನಾನು ಅವರ ಕೈಕೆಳಗೆ ಲೆಕ್ಕ ಬರೆದವನು. ಟೂರಿನಲ್ಲೂ ಟೀ ಕಾಫಿಯ ಲೆಕ್ಕ ನನ್ನದೇ.

ಕಾಶಿ ಆಯಿತು, ಚಾರ್‌ಧಾಮ್ ಆಯಿತು, ದುಬೈ, ಸಿಂಗಪುರ ಆದವು. ಯುರೋಪಿಗೆ ವೀಸಾ ಬೇಕು, ವೀಸಾಕ್ಕೆ ಬ್ಯಾಂಕಿನ ಲೆಕ್ಕ ತೋರಿಸಬೇಕು. ಜೀವಮಾನವಿಡೀ ಬೇರೆಯವರ ಲೆಕ್ಕ ಪರಿಶೀಲಿಸಿದವರಿಗೆ ಇದು ಅವಮಾನ. ಅಷ್ಟರಲ್ಲಿ ಯಾರೋ ಹೇಳಿದರು: ಕಜಕಿಸ್ತಾನದವರು 2022ರ ಜುಲೈಯಿಂದ ಭಾರತೀಯರಿಗೆ ಹದಿನಾಲ್ಕು ದಿನ ವೀಸಾ ಇಲ್ಲದೆ ಬಾಗಿಲು ತೆರೆದಿದ್ದಾರೆ, ದೆಹಲಿಯಿಂದ ಅಲ್ಮಾಟಿಗೆ ಮೂರೂವರೆ ಗಂಟೆ ಅಷ್ಟೆ. “ನೆಲಮಂಗಲದಲ್ಲಿ ಟ್ರಾಫಿಕ್ ಸಿಕ್ಕರೆ ಹಾಸನದಿಂದ ದೇವನಹಳ್ಳಿಗೆ ಅದಕ್ಕಿಂತ ಜಾಸ್ತಿ ಹಿಡಿಯುತ್ತೆ ಕಣ್ರೀ,” ಅಂದರು ಸಾಹೇಬರು. ಟೂರು ಮಂಜೂರಾಯಿತು.

ಟೂರ್ ಕಂಪನಿಯ ಹುಡುಗ ಬಂದು ಪರದೆಯ ಮೇಲೆ ಹಿಮ, ಕಣಿವೆ, ಕುದುರೆ ಎಲ್ಲ ತೋರಿಸಿದ. ಕಜಕ್ ಸಂಸ್ಕೃತಿಯ ಸಂಪೂರ್ಣ ಅನುಭವ, ಅಲ್ಮಾಟಿ, ತುರ್ಕಿಸ್ತಾನ್, ಅಸ್ತಾನಾ ಮೂರೂ ಊರು, ಜೊತೆಗೆ ಗೈಡು ಅಂದ. ಪ್ರಶ್ನೆ ಇದ್ದರೆ ಕೇಳಿ ಅಂದಾಗ ಸಭೆ ಕೇಳಿದ್ದು ಮೂರು: ಮೆಟ್ಟಿಲೆಷ್ಟು, ಮೊಸರನ್ನ ಉಂಟೋ, ಬಸ್ಸಿನಲ್ಲಿ ಮುಂದಿನ ಸೀಟು ಯಾರಿಗೆ. ಸಂಸ್ಕೃತಿಯ ವಿಷಯ ಯಾರೂ ಎತ್ತಲಿಲ್ಲ. ಪ್ಯಾಕೇಜಿನಲ್ಲಿ ಸೇರಿದೆಯಲ್ಲ, ಬರುತ್ತೆ.

ಗುಂಪಿನಲ್ಲಿದ್ದವರನ್ನು ಹೇಳಿಬಿಡುತ್ತೇನೆ. ಅರಕಲಗೂಡಿನ ಗೌಡರು, ತಂಬಾಕು ಬಿಟ್ಟು ಶುಂಠಿ ಹಿಡಿದು, ಶುಂಠಿಗೆ ರೇಟು ಬಂದ ವರ್ಷ ಪಾಸ್‌ಪೋರ್ಟ್ ಮಾಡಿಸಿದವರು. ಹೊಳೆನರಸೀಪುರದ ಮೇಷ್ಟ್ರು, ಪ್ರಧಾನಿಯನ್ನು ಕೊಟ್ಟ ತಾಲ್ಲೂಕು ನಮ್ಮದು ಎಂದು ಎದುರಿಗೆ ಸಿಕ್ಕವರಿಗೆಲ್ಲ ತಿಳಿಸದಿದ್ದರೆ ಅವರಿಗೆ ಊಟ ಸೇರದು. ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿ ಜೈನ ದಂಪತಿ, ಕಂದಮೂಲ ಮುಟ್ಟರು, ಹೊತ್ತು ಮುಳುಗಿದ ಮೇಲೆ ಉಣ್ಣರು. ಎಲ್ಲರೂ ಸಜೋಡಿ. ಇವರೆಲ್ಲರ ಪಾಸ್‌ಪೋರ್ಟಿನ ನಾಲ್ಕು ನಾಲ್ಕು ಜೆರಾಕ್ಸ್ ಪ್ರತಿ ಸಾಹೇಬರ ಪ್ಲಾಸ್ಟಿಕ್ ಫೈಲಿನಲ್ಲಿ, ಎಲ್ಲಕ್ಕೂ ಅವರ ರುಜು.

ಸಾಮಾನಿನ ತೂಕ ಹದಿನೈದು ಕೆ.ಜಿ. ಮೀರುವಂತಿಲ್ಲ. ಬಟ್ಟೆ ಐದು ಕೆ.ಜಿ., ಉಳಿದ ಹತ್ತು ಕೆ.ಜಿ. ನಿಪ್ಪಟ್ಟು, ಕೋಡುಬಳೆ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಅವಲಕ್ಕಿ. ಸಾಹೇಬರು ಮಾತ್ರ ಯಾರಿಗೂ ಹೇಳದೆ ಎರಡು ಕೆ.ಜಿ. ರಾಗಿಹಿಟ್ಟು ಇಟ್ಟಿದ್ದರು. ಅಲ್ಮಾಟಿಯ ಹೋಟೆಲಿನಲ್ಲಿ ಬೆಳಗಿನ ಜಾವ ನೀರು ಕಾಯಿಸುವ ಕೆಟಲಿನಲ್ಲೇ ಅಂಬಲಿ ಕಾಯಿಸಿದರು. ಉಕ್ಕಿತು. ಹಲ್ಲುಜ್ಜುವ ಬ್ರಷ್ಷಿನ ಹಿಂತುದಿಯಿಂದ ತಿರುವಿದರು. ಕೋಣೆ ಗುಡಿಸಲು ಬಂದ ಹೆಂಗಸು ಕೆಟಲಿನ ತಳದ ಕಂದು ಗಸಿ ನೋಡಿ ಮ್ಯಾನೇಜರನ್ನು ಕರೆತಂದಳು. ಮ್ಯಾನೇಜರು ಮೂಸಿ ನೋಡಿ ಗೈಡಿಗೆ ಫೋನ್ ಮಾಡಿದ. ಗೈಡು ಇಪ್ಪತ್ತೈದರ ಹುಡುಗಿ, ಇಂಗ್ಲಿಷು ಚೆನ್ನಾಗಿ ಬರುತ್ತಿತ್ತು, ಆದರೆ ರಾಗಿ ಅವಳ ಪಠ್ಯದಲ್ಲಿರಲಿಲ್ಲ. ಕೊನೆಗೆ ಸಾಹೇಬರು ಒಂದು ಲೋಟ ಮ್ಯಾನೇಜರಿಗೇ ಕುಡಿಸಿದರು. ಅವನು ಕುದುರೆ ಹಾಲನ್ನು ಹುಳಿ ಬರಿಸಿ ಕುಡಿಯುವ ದೇಶದವನು. ಅಂಬಲಿ ಅವನಿಗೆ ಲೆಕ್ಕಕ್ಕಿಲ್ಲ.

ಅಲ್ಮಾಟಿಯ ಮೇಲೆ ಮೆಡೆಯು ಎಂಬ ಕಣಿವೆಯಿದೆ. ಎಲ್ಲರೂ ಅಲ್ಲಿಗೆ ಹೋಗುವುದು ಐಸ್ ರಿಂಕ್ ನೋಡಿ, ಕೇಬಲ್ ಕಾರ್ ಹತ್ತಿ, ಶಿಂಬುಲಾಕಿನ ಹಿಮದಲ್ಲಿ ಫೋಟೋ ಹೊಡೆಸಿಕೊಳ್ಳಲು. ನಮ್ಮವರೂ ಹೋದರು, ಸಾಹೇಬರನ್ನೂ ಅವರ ಮನೆಯ ಅಮ್ಮಾವರನ್ನೂ ನನ್ನನ್ನೂ ಬಿಟ್ಟು. ಸಾಹೇಬರ ಕಣ್ಣಿಗೆ ಬಿದ್ದದ್ದು ರಿಂಕಿನ ಮೇಲಿರುವ ಅಣೆಕಟ್ಟೆ. ಅದು ನೀರಿಗೆ ಕಟ್ಟಿದ್ದಲ್ಲ, ಬೆಟ್ಟದಿಂದ ನುಗ್ಗಿ ಬರುವ ಕೆಸರು ಬಂಡೆಗಳಿಗೆ ಕಟ್ಟಿದ್ದು. 1966, 67ರಲ್ಲಿ ಗುಡ್ಡದ ಎರಡು ಮಗ್ಗುಲನ್ನೂ ಸಿಡಿಮದ್ದಿನಿಂದ ಹಾರಿಸಿ ಕಣಿವೆಗೇ ಬೀಳಿಸಿದರು, ಅದೇ ಕಟ್ಟೆಯಾಯಿತು. 1973ರ ಜುಲೈಯಲ್ಲಿ ಕೆಸರಿನ ಮಹಾಪೂರ ಬಂದಾಗ ಊರನ್ನು ಉಳಿಸಿತು. ಗೈಡ್ ಹುಡುಗಿ ಇಷ್ಟು ಹೇಳಿದ್ದೇ ತಡ, ಸಾಹೇಬರು ಮಂಡಿ ಮರೆತರು. ಕಟ್ಟೆಯ ಮೇಲಕ್ಕೆ 842 ಮೆಟ್ಟಿಲು.

“ಏನ್ರೀ, ಡಾಕ್ಟ್ರು ಹೇಳಿದ್ದು ನೆನಪಿಲ್ವಾ?” ಅಂತ ಅಮ್ಮಾವರು ಕೆಳಗಿಂದ ಕೂಗಿದರು.

“ಟೆಂಡರೇ ಇಲ್ದೆ ಡ್ಯಾಮ್ ಕಟ್ಟವ್ರೆ ಕಣೇ! ನೋಡದೆ ಬರಲಾ?”

ನೂರು ಮೆಟ್ಟಿಲಿಗೆ ಸುಸ್ತಾಗಿ ಕೂತರು. ಅಲ್ಲಿಂದಲೇ ಅದು ಎಷ್ಟು ಎತ್ತರ, ಒಳಗೆ ನೀರು ಜಿನುಗಿದರೆ ಎಲ್ಲಿ ಹೋಗುತ್ತದೆ ಎಂದು ವಿಚಾರಣೆ ಶುರುವಾಯಿತು. ಗೊರೂರಿನದು ನಾಲ್ಕೂವರೆ ಕಿಲೋಮೀಟರಿಗೂ ಉದ್ದ ಎಂದು ತಿಳಿಸಿ ದೇಶದ ಮಾನವನ್ನೂ ಕಾಪಾಡಿದರು. ಹುಡುಗಿ ಎಲ್ಲವನ್ನೂ ಬರೆದುಕೊಂಡಳು. ಪಾಪ, ಹಿಮದ ಮೇಲಿದ್ದವರ ಬಗ್ಗೆ ಅವಳಿಗೆ ಆ ದಿನ ನೆನಪೇ ಬರಲಿಲ್ಲ.

ಅಲ್ಮಾಟಿಯ ಟ್ಯಾಕ್ಸಿ ಡ್ರೈವರ್ ಒಬ್ಬನಿಗೆ ಮೇಷ್ಟ್ರು ತಮ್ಮ ಪ್ರಧಾನಿಯ ಸಂಗತಿ ತಿಳಿಸಿದರು. 1996, ದೇವೇಗೌಡ, ಹರದನಹಳ್ಳಿ, ಮೈ ತಾಲ್ಲೂಕ್. ಡ್ರೈವರ್ ಮುಖವರಳಿಸಿ ಸ್ಟೀರಿಂಗ್ ಬಿಟ್ಟು ಕೈ ಎತ್ತಿ, “ಇಂದಿಯಾ! ಮಿಥುನ್ ಚಕ್ರವರ್ತಿ!” ಅಂದ. ಸೋವಿಯತ್ ಕಾಲದಲ್ಲಿ ಅಲ್ಲಿಯ ಥಿಯೇಟರುಗಳಲ್ಲಿ ರಾಜ್‌ಕಪೂರ್ ಆದ ಮೇಲೆ ‘ಡಿಸ್ಕೋ ಡಾನ್ಸರ್’ದೇ ರಾಜ್ಯಭಾರ. ಮೇಷ್ಟ್ರು ಇಳಿಯುವವರೆಗೆ ಮಾತಾಡಲಿಲ್ಲ.

ಊರು ದಾಟಿದರೆ ಹುಲ್ಲುಗಾವಲು. ಮರವಿಲ್ಲ, ಬೇಲಿಯಿಲ್ಲ, ಮನೆಯಿಲ್ಲ. ಆ ದೇಶ ಕರ್ನಾಟಕದ ಹದಿನಾಲ್ಕರಷ್ಟಿದೆ, ಜನ ಎರಡು ಕೋಟಿ. ಬಸ್ಸಿನ ಕಿಟಕಿಯಲ್ಲಿ ಒಂದು ಗಂಟೆ ಕಣ್ಣು ನೆಟ್ಟು ಕೂತಿದ್ದ ಅರಕಲಗೂಡಿನ ಗೌಡರು ಕೊನೆಗೆ ಬಾಯಿಬಿಟ್ಟರು: “ಅಲ್ಲಾ ಸಾರ್, ಇಷ್ಟು ಜಾಗ ಬೀಳು ಬಿಟ್ಟವ್ರಲ್ಲ, ಪಾಣಿ ಯಾರ ಹೆಸರಲ್ಲೈತೆ?” ಹುಡುಗಿಗೆ ಇದನ್ನು ತಿಳಿಸಿ ಹೇಳಲು ಸಾಹೇಬರಿಗೆ ಅರ್ಧ ಗಂಟೆ ಹಿಡಿಯಿತು. ನಮ್ಮಜ್ಜಂದಿರು ಕುರಿ ಕುದುರೆ ಹೊಡೆದುಕೊಂಡು ಹುಲ್ಲಿದ್ದ ಕಡೆಗೆ ಹೋಗುತ್ತಿದ್ದರು, ನೆಲ ಯಾರ ಹೆಸರಲ್ಲೂ ಇರಲಿಲ್ಲ ಅಂದಳು. ಗೌಡರು ನಂಬಲಿಲ್ಲ. ಸರ್ವೆಯವರು ಎಲ್ಲೋ ಮುಚ್ಚಿಟ್ಟಿರಬೇಕು ಅಂದರು.

ಸಂಸ್ಕೃತಿಯ ಅನುಭವ ಬಂದದ್ದು ಪ್ರವಾಸಿಗಳಿಗೆಂದೇ ಮಾಡಿದ ಒಂದು ಹಳ್ಳಿಯಲ್ಲಿ. ಅಲ್ಲಿ ದಪ್ಪ ಕಂಬಳಿ ಹೊದಿಸಿದ ದುಂಡನೆಯ ಯುರ್ತ್ ಡೇರೆಗಳು. ಬಾಡಿಗೆಗೆ ಜರಿ ನಿಲುವಂಗಿ ಕೊಡುತ್ತಾರೆ, ಎಲ್ಲರೂ ಹಾಕಿಕೊಂಡು ಫೋಟೋ ತೆಗೆಸಿಕೊಂಡೆವು. ಎರಡೇ ತಂತಿಯ ದೊಂಬ್ರಾ ಬಾರಿಸಿದರು, ಕುದುರೆ ಓಡಿದಂತೆಯೇ ಕೇಳಿಸಿತು. ಸಾಹೇಬರು ವಾದ್ಯ ಕೇಳಲಿಲ್ಲ. ಡೇರೆಯ ಒಳಗೆ ತಲೆಯೆತ್ತಿ, ಮೇಲಿನ ಮರದ ಚಕ್ರಕ್ಕೆ ಗಳುಗಳು ಹೇಗೆ ಕೂತಿವೆ, ಮೊಳೆ ಯಾಕಿಲ್ಲ, ಗೋಡೆಯ ಜಾಲರಿ ಮಡಚಿದರೆ ಎಷ್ಟಾಗುತ್ತದೆ ಎಂದು ಗೇಣು ಹಾಕಿ ಅಳೆದು ನೋಡಿದರು. ಆ ಚಕ್ರಕ್ಕೆ ಶಾನ್ಯರಾಕ್ ಅಂತ ಹೆಸರು, ದೇಶದ ಲಾಂಛನದಲ್ಲೂ ಅದೇ ಇದೆ. “ಎಸ್ಟಿಮೇಟ್ ಹಾಕಿದರೆ ನಮ್ಮ ಕ್ಯಾಂಪ್ ಶೆಡ್ಡಿಗಿಂತ ಕಡಿಮೆಗೆ ಆಗುತ್ತೆ, ಬರಕೊಳ್ಳಯ್ಯ,” ಅಂತ ನನಗೆ ಅಪ್ಪಣೆಯಾಯಿತು.

ಆಮೇಲೆ ಚಹಾ. ತಗ್ಗಾದ ಮೇಜಿನ ಸುತ್ತ ನೆಲದ ಮೇಲೆ ಕೂತೆವು, ಹಾಗೆ ಕೂತು ಎಷ್ಟೋ ವರ್ಷವಾಗಿದ್ದವರು ಒಬ್ಬರನ್ನೊಬ್ಬರು ಹಿಡಿದುಕೊಂಡು ಕೂತರು. ತಲೆಗೆ ಬಿಳಿ ವಸ್ತ್ರ ಕಟ್ಟಿದ ಅಜ್ಜಿ ಹಾಲು ಹಾಕಿದ ಚಹಾವನ್ನು ಹಿಡಿಯಿಲ್ಲದ ಬಟ್ಟಲಿಗೆ ಬಗ್ಗಿಸಿ ಬಗ್ಗಿಸಿ ಕೊಟ್ಟರು. ಬಟ್ಟಲಲ್ಲಿ ಅರ್ಧಕ್ಕಿಂತ ಕಡಿಮೆ. “ನಮ್ಮಲ್ಲಿ ಬೈ ಟೂ ಕೂಡ ಇದಕ್ಕಿಂತ ಜಾಸ್ತಿ ಇರುತ್ತೆ,” ಅಂತ ಮೇಷ್ಟ್ರು ಗೊಣಗಿದರು. ಕುಡಿದಷ್ಟೂ ಅಜ್ಜಿ ಮತ್ತೆ ಅರ್ಧ ಹಾಕಿಕೊಡುತ್ತಿದ್ದರು. ಎಣ್ಣೆಯಲ್ಲಿ ಕರಿದ ಉಬ್ಬು ಉಂಡೆ ಬೌರ್ಸಾಕ್, ತಟ್ಟೆಗಟ್ಟಲೆ. ಅಮ್ಮಾವರು ಒಂದನ್ನು ಬಿಡಿಸಿ, ಒಳಗೆ ಚಟ್ನಿಪುಡಿ ತುಂಬಿ ಅಜ್ಜಿಯ ಬಾಯಿಗಿಟ್ಟರು. ಅಜ್ಜಿಯ ಕಣ್ಣಲ್ಲಿ ನೀರು ಬಂತು, ಪ್ರೀತಿಗೋ ಬ್ಯಾಡಗಿಗೋ ತಿಳಿಯಲಿಲ್ಲ. ಇಬ್ಬರೂ ಕೈಕೈ ಹಿಡಿದು ಕೂತರು. ಅಮ್ಮಾವರು ಕನ್ನಡದಲ್ಲಿ ಸೊಸೆ ವಿಷಯ ಹೇಳಿದರು, ಅಜ್ಜಿ ಕಜಕಿನಲ್ಲಿ ಉತ್ತರ ಕೊಟ್ಟರು, ಇಬ್ಬರಿಗೂ ಎಲ್ಲ ಅರ್ಥವಾಯಿತು.

ಅಲ್ಲೇ ಏಳು ಅಜ್ಜಂದಿರ ಮಾತು ಬಂದದ್ದು. ಕಜಕರಲ್ಲಿ ಪ್ರತಿಯೊಬ್ಬನೂ ತಂದೆಯ ಕಡೆ ಏಳು ತಲೆಮಾರಿನ ಹೆಸರು ತಿಳಿದಿರಬೇಕು, ಏಳು ತಲೆಯೊಳಗೆ ಮದುವೆಯಿಲ್ಲ. ಹುಡುಗಿ ಒಂದೇ ಉಸಿರಿಗೆ ಏಳು ಹೆಸರು ಹೇಳಿ, ನಿಮ್ಮದು ಹೇಳಿ ಅಂದಳು. ಶ್ರಾದ್ಧದಲ್ಲಿ ಪುರೋಹಿತರು ಹೇಳಿಸುವ ಮೂರು ಹೆಸರಿನ ಹತ್ತಿರ ಸಾಹೇಬರ ಗಾಡಿ ನಿಂತಿತು. ಮೇಷ್ಟ್ರದು ಎರಡಕ್ಕೇ. ಗೌಡರು ಮಾತ್ರ ಕುಗ್ಗಲಿಲ್ಲ: “ನಮ್ಮ ಹೆಳವ ಎತ್ತಿನ ಮೇಲೆ ಬತ್ತಾನೆ, ಹೊತ್ತಿಗೆ ಬಿಚ್ಚಿ ನಮ್ಮೋರ ಹೆಸರೆಲ್ಲ ಹೇಳ್ತಾನೆ. ಅವ್ನಿಗೆ ದವಸ ಅಳೆದು ಕೊಡೋದು ಯಾಕೆ ಮತ್ತೆ, ನಾನೇ ಗ್ಯಾಪಕ ಇಟ್ಕೊಳ್ಳೋದಾದ್ರೆ?” ಕುದುರೆಯ ಮೇಲೆ ಬಾಳಿದ ಜನಕ್ಕೆ ಎತ್ತಿನ ಮೇಲೆ ಬರುವ ಚರಿತ್ರೆಕಾರನ ಸುದ್ದಿ ಬಹಳ ಹಿಡಿಸಿತು. ಟೂರಿನಲ್ಲಿ ನಿಜವಾಗಿ ಸಂಸ್ಕೃತಿ ಅಂತ ಏನಾದರೂ ಕೈಬದಲಾದದ್ದು ಆ ಹತ್ತು ನಿಮಿಷ ಅಂತ ನನ್ನ ಲೆಕ್ಕ.

ಮಾತು ಮುಗಿಯಲೇ ಇಲ್ಲ. ಹೊರಗೆ ಬಸ್ಸಿನವನು ಹಾರನ್ ಹೊಡೆಯುತ್ತಿದ್ದ. ಆಗ ಅಜ್ಜಿ ಎಲ್ಲರ ಬಟ್ಟಲಿಗೂ ಕಂಠಮಟ್ಟ ಚಹಾ ಸುರಿದರು. ಸಾಹೇಬರಿಗೆ ಹಿಗ್ಗೋ ಹಿಗ್ಗು: “ನೋಡಿದ್ರಾ? ಈಗ ನಾವು ಮನೆಯವರಂಗೆ ಆದ್ವಿ.” ಹುಡುಗಿ ತುಟಿ ಕಚ್ಚಿಕೊಂಡು ಹೇಳಿದಳು: ಅರ್ಧ ಬಟ್ಟಲು ಕೊಟ್ಟರೆ ಇನ್ನೂ ಕೂತಿರಿ, ಬಿಸಿಬಿಸಿಯಾಗಿ ಮತ್ತೆ ಹಾಕಿಕೊಡುತ್ತೇವೆ ಅಂತ. ತುಂಬಿಸಿ ಕೊಟ್ಟರೆ, ಇನ್ನು ಹೊರಡಿ ಅಂತ.

ತುರ್ಕಿಸ್ತಾನಿನಲ್ಲಿ ಖೋಜಾ ಅಹ್ಮದ್ ಯಸಾವಿಯ ಸಮಾಧಿ. ತೈಮೂರ್ ಕಟ್ಟಿಸಲು ಹಿಡಿದ, 1405ರಲ್ಲಿ ಸತ್ತ, ಮುಂಬಾಗಿಲು ಹಾಗೇ ನಿಂತಿತು. ಸಾರುವೆಯ ಮರದ ತುಂಡುಗಳು ಗೋಡೆಯಿಂದ ಇವತ್ತಿಗೂ ಹೊರಗೆ ಚಾಚಿಕೊಂಡಿವೆ. ಸಾಹೇಬರು ಅದರ ಕೆಳಗೆ ನಿಂತು, “ಫೈನಲ್ ಬಿಲ್ ಆಗಿಲ್ಲ,” ಎಂದು ತೀರ್ಪು ಕೊಟ್ಟರು. ಹಳೇಬೀಡಿನದೂ ಹೀಗೇ ಅಲ್ಲವೇ, ಗೋಪುರ ಮುಗಿದೇ ಇಲ್ಲವಲ್ಲ ಅಂದೆ. “ಹೌದಾ?” ಅಂದರು.

ಅಸ್ತಾನಾದಲ್ಲಿ ಹೇಳುವಂಥದ್ದು ಕಡಿಮೆ. ಗಾಜು, ಉಕ್ಕು, ಗಾಳಿ. 1997ರಲ್ಲಿ ರಾಜಧಾನಿಯನ್ನು ಅಲ್ಮಾಟಿಯಿಂದ ಇಲ್ಲಿಗೆ ಎತ್ತಿ ತಂದರು, ಅದರ ನೆನಪಿಗೆ ಬೈತೆರೆಕ್ ಗೋಪುರದ ವೀಕ್ಷಣಾ ಅಟ್ಟ 97 ಮೀಟರ್ ಎತ್ತರದಲ್ಲಿದೆ. ರಾಜಧಾನಿ ಎತ್ತಬಹುದು ಎಂಬುದು ಗೊತ್ತಾಗಿ ಮೇಷ್ಟ್ರು ಆ ರಾತ್ರಿ ಬಹಳ ಹೊತ್ತು ಯೋಚನೆಯಲ್ಲಿದ್ದರು. ಜೂನ್ ತಿಂಗಳು, ಎಂಟೂವರೆ ಆದರೂ ಸೂರ್ಯ ಇಳಿಯಲಿಲ್ಲ. ಚನ್ನರಾಯಪಟ್ಟಣದವರು ಟೂರಿನಲ್ಲಿ ಮೊದಲ ಸಲ ನಿಧಾನವಾಗಿ ಊಟ ಮಾಡಿದರು. ಸಾಹೇಬರ ಕೊರಗು ಒಂದೇ, ರಾಕೆಟ್ ಹಾರಿಸುವ ಬೈಕನೂರು ಪ್ಯಾಕೇಜಿನಲ್ಲಿಲ್ಲ. 1984ರಲ್ಲಿ ರಾಕೇಶ್ ಶರ್ಮಾ ಹಾರಿದ್ದು, 1988ರಲ್ಲಿ ನಮ್ಮ ಐ.ಆರ್.ಎಸ್. ಉಪಗ್ರಹ ಮೇಲೆದ್ದದ್ದು ಆ ನೆಲದಿಂದ. ನಮ್ಮ ಸಾಲಗಾಮೆ ರಸ್ತೆಯ ನಿಯಂತ್ರಣ ಕೇಂದ್ರ ಎಂ.ಸಿ.ಎಫ್. ಕುಳಿತಲ್ಲಿಂದಲೇ ಉಪಗ್ರಹಗಳನ್ನು ಆಡಿಸುತ್ತೆ ಅಂತ ಅಲ್ಲಿಯವರಿಗೆ ಖುದ್ದಾಗಿ ಹೇಳಿ ಬರಬೇಕಿತ್ತಂತೆ.

ವಾಪಸು ಬಂದ ಮೇಲೆ ಪಾರ್ಕಿನಲ್ಲಿ ಉಪನ್ಯಾಸ ನಡೆದಿದೆ. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕದಲ್ಲಿ ಗೊರೂರು’ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದ ಮೇಲೆ, ನಮ್ಮ ಜಿಲ್ಲೆಯಲ್ಲಿ ವಿಮಾನ ಹತ್ತಿದವರೆಲ್ಲ ಇಳಿಯುವುದು ಲೇಖಕರಾಗಿಯೇ. ಸಾಹೇಬರ ಪುಸ್ತಕವೂ ಬರುತ್ತಿದೆ, ಅಂದರೆ ನಾನು ಬರೆಯುತ್ತಿದ್ದೇನೆ. ಹಾಸನಾಂಬ ಕಲಾಕ್ಷೇತ್ರದ ಬಾಡಿಗೆ ವಿಚಾರಿಸಿಯಾಗಿದೆ. ಡ್ಯಾಮಿಗೆ ಎರಡು ಅಧ್ಯಾಯ, ಹಿಮಕ್ಕೆ ಒಂದು ಪ್ಯಾರಾ. ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಯನ್ನೋ ನುಗ್ಗೇಹಳ್ಳಿಯನ್ನೋ ನೀವು ನೋಡಿದ್ದೀರಾ ಸಾರ್ ಅಂತ ಒಮ್ಮೆ ಕೇಳಿದೆ. “ಅವು ಇಲ್ಲೇ ಇರ್ತವಲ್ಲಯ್ಯ, ಎಲ್ಲಿ ಹೋಗ್ತವೆ? ಮಂಡಿ ಆಪರೇಷನ್ ಆದ್ಮೇಲೂ ನೋಡಬಹುದು.”

ಮುಂದಿನ ಟೂರು ವಿಯೆಟ್ನಾಂ. ಇನ್ನೂ ಎರಡು ಸೀಟು ಖಾಲಿ ಇವೆ. ಬರುವವರು ಪಾಸ್‌ಪೋರ್ಟಿನ ವಾಯಿದೆ ಆರು ತಿಂಗಳಾದರೂ ಉಳಿದಿದೆಯೇ ನೋಡಿಕೊಳ್ಳಿ, ನಾಲ್ಕು ಜೆರಾಕ್ಸ್ ತನ್ನಿ. ಬಸ್ಸಿನ ಮುಂದಿನ ಸೀಟು ಮಾತ್ರ ಕೇಳಬೇಡಿ.